ಪಿಸ್ಟನ್ ಮೇಲೆ ಬಂದು ಹಿಡಿದುಕೊಂಡರೆ

ಪ್ರಶ್ನೆ: ಸರ್, ಮಾಡೆಲ್ ವಿಮಾನಕ್ಕೆ ಹೊಸ 46 ಸೈಜಿನ (0.46 ಘನ ಇಂಚು) ಎಬಿಸಿ ಗ್ಲೋ ಎಂಜಿನ್ (ಕಿಡಿಯ ಬದಲು ಕಾದ ತಂತಿಯ ಪ್ಲಗ್‌ನಿಂದ ಇಂಧನ ಉರಿಯುವ ಎಂಜಿನ್) ತಂದಿದ್ದೇನೆ. ಪ್ರೊಪೆಲರ್ ತಿರುಗಿಸಿದರೆ ಪಿಸ್ಟನ್ ತುದಿಗೆ ಬಂದು ಹಿಡಿದುಕೊಳ್ಳುತ್ತದೆ. ಪ್ಲಗ್ ಬಿಚ್ಚಿದರೂ ಹಾಗೇ. ನಮ್ಮ ಬೈಕ್ ಮೆಕ್ಯಾನಿಕ್ ಲೋಹ ಸವೆಸುವ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಆಡಿಸು ಅಂತಾರೆ. ಮಾಡಲಾ?
– ಓದುಗರು, ಗಂಗಾವತಿ

ಉತ್ತರ: ಬೇಡ ತಮ್ಮಾ, ಆ ಪೇಸ್ಟ್ ಡಬ್ಬಿ ಮೊದಲು ಮುಚ್ಚಿಡು! ನಾನು ಮಾಡಿ ಕೆಟ್ಟವನು. ಬಳ್ಳಾರಿಯಲ್ಲಿ ಲೇತ್ ಕೆಲಸ ಕಲಿಯುತ್ತಿದ್ದಾಗ ಇಂಥದೇ ಎಂಜಿನ್ ಸಿಕ್ಕಿತ್ತು. ಬಿಗಿ ಅಂತ ಅರ್ಧ ಗಂಟೆ ಉಜ್ಜಿದೆ. ಆಮೇಲೆ ಬೆರಳಲ್ಲಿ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಖುಷಿಯೋ ಖುಷಿ. ಆದರೆ ಒಂದು ಸಲವೂ ಸ್ಟಾರ್ಟ್ ಆಗಲಿಲ್ಲ. ಕಂಪ್ರೆಷನ್ನೇ, ಅಂದರೆ ಒಳಗಿನ ಗಾಳಿಯನ್ನು ಸೋರದಂತೆ ಒತ್ತುವ ಬಿಗಿಯೇ, ಇರಲಿಲ್ಲ.

ನಿನ್ನ ಮೆಕ್ಯಾನಿಕ್ ದಡ್ಡನಲ್ಲ. ಬೈಕ್ ಪಿಸ್ಟನ್‌ಗೆ ರಿಂಗ್ ಇರುತ್ತದೆ, ಇದಕ್ಕೆ ಇಲ್ಲ. ಇಲ್ಲಿ ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆ ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ), ಸ್ಲೀವ್ ಒಳಗೆ ಕ್ರೋಮ್ ಲೇಪ. ಎಬಿಸಿ ಅಂದರೆ ಅದೇ. ಸ್ಲೀವ್ ಮೇಲಕ್ಕೆ ಹೋದಂತೆ ಕೂದಲೆಳೆಗಿಂತ ಕಮ್ಮಿ ಕಿರಿದಾಗುವಂತೆ ಬೇಕಂತಲೇ ಕೊರೆದಿರುತ್ತಾರೆ. ಬೆಂಕಿ ಉರಿಯುವುದು ಮೇಲೆ ಅಲ್ವಾ, ಅಲ್ಲೇ ಸ್ಲೀವ್ ಜಾಸ್ತಿ ಹಿಗ್ಗುತ್ತದೆ. ಪಿಸ್ಟನ್‌ಗೆ ಸಿಲಿಕಾನ್ ಬೆರೆಸಿರುವುದರಿಂದ ಅದು ಹಿತ್ತಾಳೆಯಷ್ಟು ಹಿಗ್ಗುವುದಿಲ್ಲ. ಬಿಸಿ ಏರಿದಾಗ ಸ್ಲೀವ್ ನೆಟ್ಟಗಾಗಿ, ಪಿಸ್ಟನ್‌ಗೆ ಸರಿಯಾಗಿ ಕೂರುತ್ತದೆ. ತಣ್ಣಗಿದ್ದಾಗಲೇ ಸಲೀಸಾಗಿ ತಿರುಗಿದರೆ ಬಿಸಿಯಲ್ಲಿ ಸೋರುತ್ತದೆ. ಪ್ಲಗ್ ಬಿಚ್ಚಿ ನೋಡಿದೆಯಲ್ಲ, ಒಳ್ಳೇದು ಮಾಡಿದೆ. ಆಗ ಗಾಳಿಯ ಒತ್ತಡ ಇರುವುದಿಲ್ಲ, ಹಿಡಿದದ್ದು ಲೋಹವೇ.

ಹಾಗಂತ ಒಣಗಿದ್ದಾಗ ಜೋರಾಗಿ ತಿರುಗಿಸಬೇಡ. ನಾಲ್ಕು ಹನಿ ಎಣ್ಣೆ ಬಿಡು, ತಲೆಭಾಗಕ್ಕೆ ಹೇರ್ ಡ್ರೈಯರ್ ಹಿಡಿದು ಬೆಚ್ಚಗೆ ಮಾಡು, ಆಮೇಲೆ ಸ್ಟಾರ್ಟ್ ಮಾಡು. ಪೂರ್ತಿ ಸಿಕ್ಕಿಕೊಂಡರೆ ಮುಂದಕ್ಕೆ ಒತ್ತಬೇಡ, ಹಿಂದಕ್ಕೆ ತಿರುಗಿಸು.

ಇನ್ನು ಬ್ರೇಕ್-ಇನ್, ಅಂದರೆ ಹೊಸ ಎಂಜಿನ್ ಪಳಗಿಸುವುದು. ಹಳೇ ಕಬ್ಬಿಣದ ಪಿಸ್ಟನ್ನಿನವರು ಇಂಧನದ ಹರಿವು ಹೊಂದಿಸುವ ನೀಡಲ್ ಪೂರ್ತಿ ಬಿಟ್ಟು ಹೊಗೆ ಕಾರಿಸುತ್ತಾ ಗಂಟೆಗಟ್ಟಲೆ ಓಡಿಸುತ್ತಿದ್ದರು. ಎಬಿಸಿಗೆ ಅದು ಆಗದು. ಇಂಧನ ಅಷ್ಟು ಸುರಿದರೆ ಎಂಜಿನ್ ಬಿಸಿಯೇ ಆಗುವುದಿಲ್ಲ, ಬಿಗಿ ಬಿಡುವುದಿಲ್ಲ, ಕನೆಕ್ಟಿಂಗ್ ರಾಡ್ ಮೇಲೆ ಪೆಟ್ಟು ಬೀಳುತ್ತದೆ. ಕೊಂಚ ಮಾತ್ರ ರಿಚ್ (ಇಂಧನ ಜಾಸ್ತಿ) ಇಟ್ಟು ಎರಡು ಮೂರು ನಿಮಿಷ ಓಡಿಸು, ಪೂರ್ತಿ ಆರಲು ಬಿಡು, ಮತ್ತೆ ಓಡಿಸು. ಇಂಧನದಲ್ಲಿ ಎಣ್ಣೆ 18-20 ಶೇಕಡ ಇರಲಿ, ಅದರಲ್ಲಿ ಸ್ವಲ್ಪ ಹರಳೆಣ್ಣೆ ಇದ್ದರೆ ನನಗೆ ಸಮಾಧಾನ.

ನಿಲ್ಲಿಸಿದ ಮೇಲೆ, ಬಿಸಿ ಇರುವಾಗಲೇ ಪ್ರೊಪೆಲರ್ ತಿರುಗಿಸಿ ಪಿಸ್ಟನ್ ಕೆಳಗಿಡು. ಮೇಲೇ ಬಿಟ್ಟರೆ ಆರಿದ ಸ್ಲೀವ್ ಅದನ್ನು ಕಚ್ಚಿ ಹಿಡಿಯುತ್ತದೆ. ಕಾರ್ಬ್ಯುರೇಟರ್ ಬಾಯಿಗೆ ಶುಭ್ರವಾದ ಬಟ್ಟೆ ತುರುಕು. ನಮ್ಮ ಕಡೆಯ ಕೆಂಪು ದೂಳಿಗೂ ಆ ಪೇಸ್ಟಿಗೂ ವ್ಯತ್ಯಾಸ ಏನೂ ಇಲ್ಲ.