ಜಾರ್ಜ್ ಜೋನ್ಸ್ ಅವರ ವಿರಹದ ಹಾಡು ಕೇಳಿದರೆ ಗಂಟಲು ಕಟ್ಟುವುದು ಯಾಕೆ?

ಅವರು ಅಳುವುದಿಲ್ಲ, ಅದಕ್ಕೇ. ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಸಂಗೀತ ಹಾಡುವ ಈ ಗಾಯಕ ಅಳು ನುಂಗಿಕೊಂಡು ಕಥೆ ಹೇಳುತ್ತಾರೆ. ಅವರು ನುಂಗಿದ್ದು ನಮ್ಮ ಕಣ್ಣಲ್ಲಿ ಬರುತ್ತದೆ.

1980ರ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ ಹಾಡನ್ನೇ ನೋಡಿ. ಬಿಟ್ಟುಹೋದವಳನ್ನು ಮರೆಯಲಾಗದ ಒಬ್ಬನ ಕಥೆ. ಗೋಡೆಯ ಮೇಲೆ ಅವಳ ಫೋಟೋ. ಹಾಸಿಗೆ ಪಕ್ಕ 1962ರ ಹಳೇ ಕಾಗದಗಳು, ಅವಳು ಪ್ರೀತಿ ಅಂತ ಬರೆದ ಕಡೆಯಲ್ಲೆಲ್ಲ ಅವನು ಎಳೆದ ಕೆಂಪು ಗೆರೆ. ಅವನ ನೋವನ್ನು ಬಣ್ಣಿಸುತ್ತಾ ಕೂರುವುದಿಲ್ಲ. ಆ ಕೆಂಪು ಗೆರೆ ಸಾಕು, ಅಲ್ವಾ? ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ, ಅದೂ ನಮ್ಮದೇ ನೆನಪುಗಳಿಂದ. ಇವತ್ತು ಅವನು ಪ್ರೀತಿಸುವುದನ್ನು ನಿಲ್ಲಿಸಿದ ಅಂದಾಗ, ಸದ್ಯ ಮರೆತನಲ್ಲ ಅನ್ನಿಸುತ್ತದೆ. ಆದರೆ ಅವನು ಸತ್ತಿದ್ದಾನೆ.

ಇದಕ್ಕೆ ದನಿಯೂ ಜೊತೆಯಾಗುತ್ತದೆ. ಜೋನ್ಸ್ ಸ್ವರವನ್ನು ನೇರವಾಗಿ ಹಿಡಿಯದೆ ಕೆಳಗಿಂದ ಜಾರಿಸಿಕೊಂಡು ಬರುತ್ತಾರೆ, ಮಾತಾಡುತ್ತಾ ದನಿ ಒಡೆಯುವವರ ಹಾಗೆ. ಕಂಟ್ರಿ ಹಾಡುಗಳಲ್ಲಿ ಕೇಳುವ ಸ್ಟೀಲ್ ಗಿಟಾರ್ ಮಾಡುವುದೂ ಅದನ್ನೇ. ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವ ವಾದ್ಯ ಅದು.

ಗಾಯಕಿ ಟ್ಯಾಮಿ ವೈನೆಟ್ ಜೊತೆ 1975ರಲ್ಲಿ ಅವರಿಗೆ ವಿಚ್ಛೇದನವಾಗಿದ್ದು ಕೇಳುಗರಿಗೆ ಗೊತ್ತಿತ್ತು. ಹಾಗಾಗಿ ಇದು ಸುಮ್ನೆ ಕಟ್ಟಿದ ಕಥೆ ಅನ್ನಿಸಲಿಲ್ಲ. ತಮಾಷೆ ಅಂದರೆ, ಇಷ್ಟು ಸಾವಿನ ಸೂತಕದ ಹಾಡನ್ನು ಯಾರೂ ಕೊಳ್ಳಲ್ಲ ಅಂತ ಜೋನ್ಸ್ ಅವರೇ ಅಂದುಕೊಂಡಿದ್ದರು. ಅದು ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.