ಹೊಸಾ ಗುಳಿಗಿ ಚಾಲೂ ಮಾಡೀನ್ರಿ, ಹೊಟ್ಟಿ ತೊಳಸ್ತೈತಿ, ಬಿಟ್ಟಬಿಡ್ಲಿ ಏನು?

ಪ್ರಶ್ನೆ: ಜಮಖಂಡಿ ಹತ್ರದ ಹಳ್ಳಿಯಾಕಿ ನಾನು, ವಯಸ್ಸು 31, ಮನ್ಯಾಗ ಹೊಲಿಗಿ ಕೆಲಸ. ಎದಿ ಡವಡವ, ಸಣ್ಣದಕ್ಕೂ ಅಂಜಿಕಿ, ನಿದ್ದಿ ಇಲ್ಲ ಅಂತ ಬಾಗಲಕೋಟೆಗೆ ಹೋಗಿ ತೋರಿಸಿದ್ವಿ. ಮುಂಜಾನೆ ಎಸ್ಸಿಟಲೋಪ್ರಾಮ್, ರಾತ್ರಿ ಸ್ವಲ್ಪ ದಿವಸ ಅಷ್ಟ ಕ್ಲೋನಜೆಪಾಮ್ ಬರದಾರ. ವಾರ ಆತು, ಹೊಟ್ಟಿ ತೊಳಸ್ತೈತಿ, ಅಂಜಿಕಿ ಇನ್ನೂ ಜಾಸ್ತಿ ಆದಂಗ ಐತಿ. ಅತ್ತಿಯವರು "ಚಟಾ ಹತ್ತತೈತಿ, ಬಿಡು" ಅಂತಾರ. ಏನ್ ಮಾಡ್ಲಿ?

ಉತ್ತರ: ನೀವಾಗೇ ಬಿಡಬ್ಯಾಡ್ರಿ ಅಕ್ಕಾರ, ಮೊದಲ ಇದನ್ನ ಹೇಳತೀನಿ. ಮುಂಜಾನೆ ಎಸ್ಸಿಟಲೋಪ್ರಾಮ್ ಗುಳಿಗಿದು ತ್ರಾಸ ಮೊದಲ ಬರ್ತೈತಿ, ಗುಣ ಆಮ್ಯಾಲೆ ಬರ್ತೈತಿ. ಅದು ಕೆಲಸಾ ಮಾಡೂದು ಸೆರೊಟೋನಿನ್ ಅನ್ನೂ ಮೈಯಾಗಿನ ರಾಸಾಯನಿಕದ ಮ್ಯಾಲ, ಆ ಸೆರೊಟೋನಿನ್ ಬಹುಪಾಲು ನಮ್ಮ ಕರುಳಿನ್ಯಾಗ ಇರ್ತೈತಿ, ಅದಕ್ಕ ತಲಿಗಿಂತ ಮೊದಲ ಹೊಟ್ಟಿಗೆ ಗೊತ್ತಾಗತೈತಿ. ಹೊಟ್ಟಿ ತೊಳಸೂದು, ತಲಿ ಭಾರ, ಒಳಗ ಒಂಥರಾ ಚಡಪಡಿಕಿ ಇವೆಲ್ಲಾ ಸಾಮಾನ್ಯ ಒಂದೆರಡು ವಾರದಾಗ ಇಳೀತಾವ, ಅಂಜಿಕಿ ಕಡಿಮಿ ಆಗಾಕ 2ರಿಂದ 4 ವಾರ, ಪೂರ್ತಿ ಗುಣ ಕಾಣಾಕ 6-8 ವಾರನೂ ಬೇಕಾಗತೈತಿ. ನೀವೀಗ ಬರೇ ತ್ರಾಸದ ವಾರದಾಗ ಅದೀರಿ.

ಈಗ ಮನ್ಯಾಗ ಮಾಡೂದು. ನಮ್ಮ ಕಡೆ ಎದ್ದ ಕೂಡ್ಲೇ ಖಾಲಿ ಹೊಟ್ಟ್ಯಾಗ ಖಡಕ್ ಚಹಾ, ಅದರ ಮ್ಯಾಲ ಗುಳಿಗಿ ನುಂಗಿದ್ರ ಹೊಟ್ಟಿ ತೊಳಸೂದು ಇನ್ನೂ ಜಾಸ್ತಿ ಆಗಬಹುದು, ಚಹಾದಿಂದ ಎದಿ ಡವಡವನೂ ಏರತೈತಿ. ಮೊದಲ ಅರ್ಧ ರೊಟ್ಟಿ ಮೊಸರಿನ ಜೋಡಿ ತಿನ್ರಿ, ಆಮ್ಯಾಲೆ ಗುಳಿಗಿ, ಚಹಾ ಒಂದ ಕಪ್ಪಿಗೆ ಇಳಸ್ರಿ, ಸಂಜಿ ಚಹಾ ಸದ್ಯ ಬಿಟ್ರ ನಿದ್ದಿಗೂ ಚಲೋ. ಒಂದ ದಿವಸ ಮರತ್ರಿ ಅಂದ್ರ ಮರುದಿವಸ ಎರಡು ನುಂಗಬ್ಯಾಡ್ರಿ.

ಹೊಲಿಗಿ ಮಷೀನಿಗೆ ಮೋಟಾರ್ ಇದ್ರ, ರಾತ್ರಿ ಗುಳಿಗಿಯಿಂದ ಮುಂಜಾನೆ ತೂಕಡಿಕಿ ಇರೂತನಕ ಅದನ್ನ ಮುಟ್ಟಬ್ಯಾಡ್ರಿ, ಹುಕ್ಕು ಗುಂಡಿ ಹಚ್ಚೂದು, ಫಾಲ್ ಹಚ್ಚೂದು ಅಷ್ಟ ಮಾಡ್ರಿ, ಎರಡು ವಾರ ಅರ್ಜೆಂಟ್ ಆರ್ಡರ್ ಹಿಡೀಬ್ಯಾಡ್ರಿ. ಕೂತ್ ಕೂತ್ ಬೆನ್ನು ನೋವಾತು ಅಂತ ಮೆಡಿಕಲ್ ಅಂಗಡ್ಯಾಗ ಕೇಳಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೋಬ್ಯಾಡ್ರಿ, ಎಸ್ಸಿಟಲೋಪ್ರಾಮ್ ಜೋಡಿ ಅವು ಕೂಡಿದ್ರ ಹೊಟ್ಟ್ಯಾಗ ರಕ್ತಸ್ರಾವ ಆಗೂ ಸಾಧ್ಯತೆ ಜಾಸ್ತಿ, ಅಂಗಡಿಯವ್ರಿಗೂ ಈ ಗುಳಿಗಿ ನಡದೈತಿ ಅಂತ ಹೇಳ್ರಿ.

ಅತ್ತಿಯವರ ಮಾತಿಗೆ ಬರೂಣು, ಅವರ ಕಾಳಜಿ ಸುಳ್ಳಲ್ಲ, ಆದ್ರ ಎರಡೂ ಗುಳಿಗಿ ಒಂದ ಅಲ್ಲ. ಚಟಾ ಹತ್ತೂ ಭಯ ಇರೂದು ಕ್ಲೋನಜೆಪಾಮಿಗೆ, ಅದಕ್ಕ ಡಾಕ್ಟ್ರು ಸ್ವಲ್ಪ ದಿವಸ ಅಂದಾರ, ಹಳೇ ಚೀಟಿ ತೋರಿಸಿ ನಿದ್ದಿ ಚಲೋ ಬರ್ತೈತಿ ಅಂತ ಮುಂದುವರಸಬ್ಯಾಡ್ರಿ, ಬಿಡೂದಿದ್ರೂ ಅವರು ಹೇಳಿದಂಗ ಬಿಡ್ರಿ. ಎಸ್ಸಿಟಲೋಪ್ರಾಮ್ ಚಟಾ ಹಚ್ಚೂದಲ್ಲ, ಆದ್ರ ತಿಂಗಳಾನಗಟ್ಟಲೆ ತಗೊಂಡು ಒಮ್ಮಿಗೇ ನಿಲ್ಲಿಸಿದ್ರ ತಲಿ ತಿರಗೂದು, ಕರೆಂಟ್ ಹೊಡದಂಗ ಆಗೂದು ಇರ್ತೈತಿ, ಅದಕ್ಕ ಮುಂದ ಒಂದಿನ ಬಿಡೂವಾಗ ನಿಧಾನಕ ಇಳಸ್ತಾರ.

ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ್ಯಾಗ ಹಾಲಿನ ಲೆಕ್ಕ ಬರೀತೀವಲ್ರಿ, ಅದ ಚೌಕದಾಗ ನಿದ್ದಿ ಎಷ್ಟು ತಾಸು, ಹೊಟ್ಟಿ ಹೆಂಗಿತ್ತು, ಅಂಜಿಕಿ ಹೆಂಗಿತ್ತು ಅಂತ ಎರಡ ಶಬ್ದ ಬರದಿಡ್ರಿ, ಡಾಕ್ಟ್ರಿಗೆ ಡೋಸ್ ನಿರ್ಧಾರ ಮಾಡಾಕ ಇದು ಭಾಳ ಉಪಯೋಗಕ್ಕ ಬರ್ತೈತಿ.

ಕಾಯಬಾರದ್ದೂ ಕೆಲವು ಅದಾವ್ರಿ. ಸಾಯೂ ವಿಚಾರ ಬರೂದು, ನಿದ್ದಿನ ಇಲ್ದ ವಿಪರೀತ ಹುರುಪು ಬಂದು ಮಾತು ನಿಲ್ಲದಂಗ ಆಗೂದು, ಜ್ವರದ ಜೋಡಿ ಮೈ ಬಿಗದು ನಡುಗೂದು, ಮೈತುಂಬ ಗಂಧಿ ಏಳೂದು, ಇದರಾಗ ಯಾವ್ದಾದ್ರೂ ಆದ್ರ ಅವತ್ತ ದವಾಖಾನಿಗೆ ಹೋಗ್ರಿ. ಬಸುರಿ ಇದ್ರ, ಕೂಸಿಗೆ ಹಾಲು ಕುಡಸ್ತಿದ್ರ ಡಾಕ್ಟ್ರಿಗೆ ತಿಳಸ್ರಿ. ನಡುರಾತ್ರಿ ಮನಸ್ಸು ತಡೀದಂಗ ಆತಂದ್ರ ಸರಕಾರದ ಮನಸ್ಸಿನ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ, ಪುಕ್ಕಟೆ ಐತಿ, ಕನ್ನಡದಾಗ ಮಾತಾಡ್ತಾರ.

ಮುಂದಿನ ಸಲ ಬಾಗಲಕೋಟೆಗೆ ಹೋಗೂವಾಗ ಅತ್ತಿಯವರನ್ನೂ ಕರಕೊಂಡು ಹೋಗ್ರಿ, ಚಟದ ಮಾತು ಅವರ ಬಾಯಿಂದನ ಡಾಕ್ಟ್ರಿಗೆ ಕೇಳಲಿ.