ಶಾಫಿಈ, ಹನಫಿ, ಸಲಫಿ: ಯಾವುದನ್ನು ಹಿಡಿಯಲಿ?

ಪ್ರಶ್ನೆ: ನಮ್ಮದು ಸುರತ್ಕಲ್‌ನ ಬ್ಯಾರಿ ಮನೆ, ಶಾಫಿಈ ಮದ್‌ಹಬ್ (ಇಸ್ಲಾಮಿನ ಆಚರಣೆಗಳ ಕ್ರಮ ಹೇಳುವ ಪಂಥ). ಕೆಲವು ವರ್ಷ ಬಿಟ್ಟಿದ್ದ ನಮಾಝನ್ನು ಈಗ ಶುರು ಮಾಡಿದ್ದೇನೆ. ಕೆಲಸ ಉಡುಪಿಯಲ್ಲಿ. ರೂಮಿನಲ್ಲಿರುವವರು ಹನಫಿ ಮದ್‌ಹಬ್‌ನವರು, ಆಫೀಸಿನ ಸಲಫಿ ಗೆಳೆಯರು ಮದ್‌ಹಬ್ಬೇ ಬೇಡ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಮನೆಯಲ್ಲಿ ಕಲಿತ ಶಾಫಿಈ ಕ್ರಮದಲ್ಲೇ ಇರಿ. ಸಂಶಯ ಬಂದರೆ ಕೇಳಲು ಊರಿನ ಉಸ್ತಾದರಿದ್ದಾರೆ, ಅದು ದೊಡ್ಡ ಅನುಕೂಲ. ಹನಫಿ ಇಮಾಮರ ಹಿಂದೆ ಧಾರಾಳವಾಗಿ ನಿಲ್ಲಿ. ಅಲ್ಲಿ ಅಸರ್ (ಇಳಿಹೊತ್ತಿನ ನಮಾಝ್) ತಡ: ನಡುಹಗಲಿನ ನೆರಳು ಕಳೆದು, ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ಶಾಫಿಈ ಅಸರ್ ಶುರು, ಎರಡು ಪಟ್ಟಾದಾಗ ಹನಫಿ.

ಹೆಚ್ಚಿನವರು ಎಡವುವುದು ಎರಡು ಮದ್‌ಹಬ್‌ಗಳನ್ನು ಬೆರಕೆ ಮಾಡುವಲ್ಲಿ. ವುಝೂವಿನಲ್ಲಿ (ನಮಾಝಿಗೆ ಮುಂಚಿನ ಅಂಗಶುದ್ಧಿ) ಒದ್ದೆ ಕೈಯಿಂದ ನಾಲ್ಕು ಕೂದಲು ಸವರಿದರೂ ಶಾಫಿಈಯಲ್ಲಿ ಸಾಕು, ಹನಫಿಯಲ್ಲಿ ತಲೆಯ ಕಾಲುಭಾಗ ಬೇಕು. ಹೆಂಡತಿಯ ಕೈ ತಾಗಿದರೆ ಶಾಫಿಈಯಲ್ಲಿ ವುಝೂ ಮುರಿಯುತ್ತದೆ, ಹನಫಿಯಲ್ಲಿ ಇಲ್ಲ. ನಾಲ್ಕೇ ಕೂದಲು ಸವರಿ, ಕೈ ತಾಗಿದ ಮೇಲೆ ‘ಹನಫಿಯಲ್ಲಿ ನಡೆಯುತ್ತದಲ್ಲ’ ಎಂದು ನಮಾಝಿಗೆ ನಿಂತರೆ ಎರಡೂ ಲೆಕ್ಕದಲ್ಲಿ ವುಝೂ ಇಲ್ಲ!

ಕಝಾ (ಬಿಟ್ಟುಹೋದ ನಮಾಝನ್ನು ತೀರಿಸುವುದು) ಬಗ್ಗೆ: ದಿನದ ಫರ್ಳ್ (ಕಡ್ಡಾಯ ನಮಾಝ್) 17 ರಕಅತ್ (ನಮಾಝಿನ ಸುತ್ತು). ಪ್ರತಿ ಫರ್ಳ್ ಜೊತೆ ಅದೇ ಹೊತ್ತಿನ ಹಳೆಯದೊಂದನ್ನು ಮಾಡಿ, ಡೈರಿಯಲ್ಲಿ ಗೆರೆ ಎಳೆಯಿರಿ. ಬಿಡುವಿದ್ದಾಗ ಹೆಚ್ಚಿಸಿ, ಸುನ್ನತ್‌ಗಿಂತ (ಕಡ್ಡಾಯವಲ್ಲದ ನಮಾಝ್) ಕಝಾ ಮೊದಲು. ಒಂದೇ ರಾತ್ರಿ ರಾಶಿ ಮುಗಿಸಲು ಕೂತರೆ ಬೆಳಗಿನ ಫಜ್ರ್ ತಪ್ಪುತ್ತದೆ. ಬೇಕೆಂದೇ ಬಿಟ್ಟಿದ್ದಕ್ಕೆ ತೌಬಾ (ಪಶ್ಚಾತ್ತಾಪ) ಸಾಕು ಎನ್ನುವ ವಿದ್ವಾಂಸರೂ ಇದ್ದಾರೆ, ಸಲಫಿ ಗೆಳೆಯರೊಡನೆ ವಾದಕ್ಕಿಳಿಯಬೇಡಿ.

ರೂಮಿನಲ್ಲಿ ಬೊಂಡಾಸ್ (ಸ್ಕ್ವಿಡ್) ಮಾಡಿದ ದಿನ ಹನಫಿ ಗೆಳೆಯರಿಗೆ ಒತ್ತಾಯ ಬೇಡ. ಅವರಲ್ಲಿ ಕಡಲಿನದ್ದು ಮೀನು ಮಾತ್ರ ಹಲಾಲ್.